ಮನೆ ಕೊಳ್ಳುವ ಮುನ್ನ: ಕೋಣೆಗಳ ಲೆಕ್ಕ, ಮನೆಮಂದಿಯ ಲೆಕ್ಕ

ಥಾಣೆಯಿಂದ ವಾಶಿ, ಪನ್ವೇಲ್‌ಗಳತ್ತ ಸಾಗುವ ಟ್ರಾನ್ಸ್ ಹಾರ್ಬರ್ ರೈಲುಮಾರ್ಗದಲ್ಲಿ ಐರೋಲಿ ಮತ್ತು ಘನ್ಸೋಲಿಗಳ ನಡುವೆ ಬರುವ ನಿಲ್ದಾಣ ರಬಾಳೆ. 2004ರ ನವೆಂಬರ್‌ನಲ್ಲಿ ಈ ಮಾರ್ಗದಲ್ಲಿ ಲೋಕಲ್ ರೈಲುಗಳು ಓಡತೊಡಗುವವರೆಗೂ ರಬಾಳೆ ಎಂದರೆ ನಮ್ಮವರಲ್ಲಿ ಬಹುಮಂದಿಗೆ ಕಾರ್ಖಾನೆಗಳ ಊರಾಗಿತ್ತೇ ಹೊರತು ಸಂಸಾರ ಹೂಡುವ ಊರಾಗಿರಲಿಲ್ಲ. ಇಂದು ಥಾಣೆಯ ಹಳೆಯ ಚಾಳುಗಳಿಂದ, ಡೊಂಬಿವಲಿ ಕಲ್ಯಾಣಗಳ ಒಂದು ಕೋಣೆಯ ಮನೆಗಳಿಂದ ಕೊಂಚ ವಿಸ್ತಾರವಾದ ಸೂರನ್ನು ಅರಸಿಕೊಂಡು ಐರೋಲಿ, ರಬಾಳೆ, ಘನ್ಸೋಲಿಗಳತ್ತ ಬರುವ ಕನ್ನಡಿಗ ಕುಟುಂಬಗಳು ಅನೇಕ. ಐರೋಲಿಯ ಐಟಿ ಸಂಸ್ಥೆಗಳಲ್ಲಿ ಮಗನಿಗೋ ಮಗಳಿಗೋ ಉದ್ಯೋಗ ದೊರೆತುದೇ ಹಲವರಿಗೆ ನೆಪ.

ಬ್ಯಾಂಕಿನ ಮೇಜಿನ ಈಚೆ ಬದಿಯಲ್ಲಿ ಕುಳಿತ ನಮಗೆ ಗೃಹಸಾಲ ಕೇಳಿಕೊಂಡು ಬರುವವರ ಪ್ರಶ್ನೆಗಳು ಬಾಯಿಪಾಠವಾಗಿವೆ. ವನ್ ಬಿಎಚ್‌ಕೆಯೇ, ಟೂ ಬಿಎಚ್‌ಕೆಯೇ? ಚದರ ಅಡಿಗೆ ದರವೆಷ್ಟು? ಕಂತು ಎಷ್ಟಾದೀತು? ಇವೆಲ್ಲ ಕೇಳಲೇಬೇಕಾದ ಪ್ರಶ್ನೆಗಳು. ಆದರೆ ಮನೆಯಲ್ಲಿ ಯಾರು ಎಲ್ಲಿ ಮಲಗುತ್ತಾರೆ, ನಡುರಾತ್ರಿ ಎದ್ದವರು ಯಾರ ಕೋಣೆಯನ್ನು ದಾಟಿಕೊಂಡು ಶೌಚಾಲಯಕ್ಕೆ ಹೋಗಬೇಕು ಎಂಬುದನ್ನು ಕೇಳಿದವರನ್ನು ನಾವು ಕಂಡಿಲ್ಲ. ನಾವೂ ಕೇಳಿರಲಿಲ್ಲ.

ನಾವು ಕೊಂಡ ಮನೆಯಲ್ಲಿ ಮಲಗುವ ಕೋಣೆಗಳು ಎರಡು. ಎರಡಕ್ಕೂ ಒಳಗಿನಿಂದಲೇ ಹೊಂದಿಕೊಂಡ ಶೌಚಾಲಯ. ಅದನ್ನು ದೊಡ್ಡ ಸೌಕರ್ಯವೆಂದೇ ನಮಗೆ ವಿವರಿಸಲಾಗಿತ್ತು, ನಾವೂ ಹಾಗೆಯೇ ನಂಬಿದೆವು. ಒಂದು ಕೋಣೆ ನಮಗೆ, ಇನ್ನೊಂದು ಹತ್ತನೆಯ ತರಗತಿಯ ಮಗಳಿಗೆ. ಊರಿನಿಂದ ಬಂದ ತಾಯಿಯವರಿಗೆ ಹಾಲಿನಲ್ಲಿ ದಿವಾನ. ಅವರು ಸಂಜೆ ಏಳರ ಮೇಲೆ ನೀರು ಕುಡಿಯುವುದನ್ನು ನಿಲ್ಲಿಸಿದ್ದರು. ವಯಸ್ಸಾದವರ ಅಭ್ಯಾಸವಿರಬೇಕೆಂದು ನಾವು ಸುಮ್ಮನಿದ್ದೆವು. ಮೂತ್ರದ ಸೋಂಕಾಗಿ ವೈದ್ಯರಲ್ಲಿಗೆ ಹೋದಾಗ, ಅವರು ಕೇಳಿದ ಪ್ರಶ್ನೆಗೆ ತಾಯಿಯವರು ಸಂಕೋಚದಿಂದಲೇ ಉತ್ತರಿಸಿದರು: ರಾತ್ರಿ ಮಗ ಸೊಸೆಯ ಬಾಗಿಲು ತಟ್ಟುವುದು ಹೇಗೆ, ಓದುತ್ತಿರುವ ಅಥವಾ ಮಲಗಿರುವ ಮೊಮ್ಮಗಳನ್ನು ಎಬ್ಬಿಸುವುದು ಹೇಗೆ? ಮುಂದೆ ಸೊಸೈಟಿಯ ಅನುಮತಿ ಪಡೆದು, ಇಂಜಿನಿಯರರಿಗೆ ಗೋಡೆಯನ್ನು ತೋರಿಸಿ, ಒಂದು ಶೌಚಾಲಯದ ಬಾಗಿಲನ್ನು ನಡುವಣ ಪ್ಯಾಸೇಜಿಗೆ ತಿರುಗಿಸಿಕೊಂಡೆವು. ನಾಲ್ಕು ದಿನಗಳ ಕೆಲಸ. ಆ ವೇಳೆಗೆ ತಾಯಿಯವರು ಊರಿಗೆ ಮರಳಿ ಒಂದು ವರ್ಷ ಕಳೆದಿತ್ತು.

ಆದುದರಿಂದ ಮನೆಯ ನಕಾಶೆ ಕೈಗೆ ಬಂದಾಗ ಮೊದಲು ನೋಡತಕ್ಕದ್ದು ಶೌಚಾಲಯದ ಬಾಗಿಲು ಯಾವ ಕಡೆಗೆ ತೆರೆಯುತ್ತದೆ ಎಂಬುದನ್ನು. ಎರಡರಲ್ಲಿ ಒಂದಾದರೂ ಹಾಲಿನವರು ನೇರವಾಗಿ ತಲುಪುವಂತಿರಬೇಕು. ಹಾಗಿಲ್ಲದ ದೊಡ್ಡ ಟೂ ಬಿಎಚ್‌ಕೆಗಿಂತ, ಪ್ಯಾಸೇಜಿನಲ್ಲಿ ಶೌಚಾಲಯ ಮತ್ತು ಸ್ನಾನದ ಮನೆ ಬೇರೆ ಬೇರೆಯಾಗಿರುವ ಹಳೆಯ ಕಟ್ಟಡದ ವನ್ ಬಿಎಚ್‌ಕೆ ಕೂಡು ಕುಟುಂಬಕ್ಕೆ ಮೇಲು ಎಂಬುದು ನಮ್ಮ ಅಭಿಪ್ರಾಯ. ಬೆಳಗ್ಗೆ ಆರರಿಂದ ಎಂಟರವರೆಗೆ ಐದು ಮಂದಿ ಹೊರಡುವ ಮನೆಯಲ್ಲಿ, ಒಬ್ಬರು ಸ್ನಾನ ಮಾಡುತ್ತಿರುವಾಗ ಇನ್ನೊಬ್ಬರಿಗೆ ಶೌಚಾಲಯ ತೆರೆದಿರುವುದು ಎಂತಹ ನೆಮ್ಮದಿ ಎಂಬುದನ್ನು ಚಾಳಿನ ಸರತಿಯಲ್ಲಿ ನಿಂತವರಿಗೆ ಬಿಡಿಸಿ ಹೇಳಬೇಕಿಲ್ಲ. ಬಾಗಿಲಿನ ಅಗಲವನ್ನೂ ಅಳೆಯಿರಿ. ಸಾಮಾನ್ಯ ಗಾಲಿಕುರ್ಚಿಯ ಅಗಲ ಸುಮಾರು 65 ಸೆಂಟಿಮೀಟರ್. ಎರಡು ಕಾಲು ಅಡಿಯ ಸ್ನಾನದ ಮನೆಯ ಬಾಗಿಲಿನಲ್ಲಿ ಚೌಕಟ್ಟು ಕಳೆದರೆ ಅದು ನುಸುಳುವುದು ಕಷ್ಟ. ಬಾಗಿಲಿನ ಸ್ಥಾನವನ್ನು ಕೆಲವೊಮ್ಮೆ ಬದಲಿಸಬಹುದು. ಶೌಚಾಲಯವನ್ನೇ ಬೇರೆಡೆಗೆ ಒಯ್ಯಲು ಕೊಳವೆಗಳೂ ಕೆಳಗಿನ ಮನೆಯವರ ಚಾವಣಿಯೂ ಅಡ್ಡಬರುತ್ತವೆ.

ಎರಡನೆಯದು ಒಂದು ಹಾಳೆ ಕಾಗದದ ಕೆಲಸ. ಅಡ್ಡಸಾಲಿನಲ್ಲಿ ಕೋಣೆಗಳ ಹೆಸರು, ಉದ್ದಸಾಲಿನಲ್ಲಿ ಬೆಳಗಿನ ಆರು, ಮಧ್ಯಾಹ್ನ ಒಂದು, ರಾತ್ರಿ ಎಂಟು, ರಾತ್ರಿ ಎರಡು ಎಂದು ವೇಳೆಗಳನ್ನು ಬರೆದು, ಆಯಾ ವೇಳೆಗೆ ಯಾರು ಎಲ್ಲಿರುತ್ತಾರೆಂದು ತುಂಬಿಸಿರಿ. ರಾತ್ರಿ ಪಾಳಿ ಮುಗಿಸಿ ಬಂದ ಮಗ ಹಗಲಿನಲ್ಲಿ ನಿದ್ರಿಸುವ ಕೋಣೆ ಅಡುಗೆ ಮನೆಗೆ ತಾಗಿದ್ದರೆ ಮಿಕ್ಸರಿನ ಸದ್ದು ಅವನಿಗೆ ಶತ್ರು. ರಾತ್ರಿ ಎಂಟಕ್ಕೆ ಹಾಲಿನಲ್ಲಿ ಟಿವಿ, ಅಲ್ಲಿಯೇ ಅಜ್ಜಿಯ ಹಾಸಿಗೆ, ಅಲ್ಲಿಯೇ ಮೊಮ್ಮಗನ ಪಾಠ ಎಂದು ಮೂರು ಹೆಸರುಗಳು ಒಂದೇ ಮನೆಯಲ್ಲಿ ಕೂಡಿದರೆ ಯಾರಿಗೋ ಅನ್ಯಾಯವಾಗುತ್ತಿದೆ ಎಂದೇ ಅರ್ಥ. ಸಾಮಾನ್ಯವಾಗಿ ಬಾಯಿ ತೆರೆದು ಹೇಳದವರಿಗೆ.

ಇನ್ನು ಅಳತೆ. 2016ರ ರೇರಾ ಕಾಯಿದೆಯ ಪ್ರಕಾರ ಕಾರ್ಪೆಟ್ ಏರಿಯಾ ಎಂದರೆ ಮನೆಯೊಳಗೆ ಬಳಸಲು ದೊರೆಯುವ ನೆಲ. ಒಳಗಿನ ಅಡ್ಡಗೋಡೆಗಳ ಜಾಗ ಅದರಲ್ಲಿ ಸೇರುತ್ತದೆ; ಹೊರಗೋಡೆ, ಕೊಳವೆಗಳು ಹಾಯುವ ಪೊಳ್ಳು, ಬಾಲ್ಕನಿ, ತೆರೆದ ಟೆರೇಸು ಸೇರುವುದಿಲ್ಲ. ಮಹಾರಾಷ್ಟ್ರದಲ್ಲಿ ಮಹಾರೇರಾ 2017ರ ಮೇ ತಿಂಗಳಿನಿಂದ ಕಾರ್ಯಾರಂಭ ಮಾಡಿದೆ. ಸೂಪರ್ ಬಿಲ್ಟ್ ಅಪ್ ಎಂಬ ಉಬ್ಬಿದ ಅಂಕಿಯನ್ನು ಯಾರಾದರೂ ಮುಂದಿಟ್ಟರೆ ಕಾರ್ಪೆಟ್ ಏರಿಯಾವನ್ನೇ ಕೇಳಿ ಪಡೆಯಿರಿ. ಕರಾರುಪತ್ರದಲ್ಲಿ ಚದರ ಮೀಟರ್ ಇದ್ದರೆ 10.764ರಿಂದ ಗುಣಿಸಿದಾಗ ಚದರ ಅಡಿ ದೊರೆಯುತ್ತದೆ.

ಆದರೆ ಒಟ್ಟು ವಿಸ್ತೀರ್ಣಕ್ಕಿಂತ ಕೋಣೆಯ ಅಗಲ ಹೆಚ್ಚು ಸತ್ಯ ನುಡಿಯುತ್ತದೆ. ಎರಡು ವಾಸದ ಕೋಣೆಗಳಿರುವಲ್ಲಿ ಒಂದು 9.5 ಚದರ ಮೀಟರಿಗೂ ಇನ್ನೊಂದು 7.5 ಚದರ ಮೀಟರಿಗೂ ಕಡಮೆಯಿರಬಾರದು, ಅಗಲವು ಕ್ರಮವಾಗಿ 2.4 ಮತ್ತು 2.1 ಮೀಟರ್ ಇರಬೇಕು ಎಂಬುದು ರಾಷ್ಟ್ರೀಯ ಕಟ್ಟಡ ಸಂಹಿತೆಯು ಹೇಳುವ ಕನಿಷ್ಠ ಮಟ್ಟ. 2.1 ಮೀಟರ್ ಎಂದರೆ ಏಳು ಅಡಿಗೂ ಒಂದಿಂಚು ಕಡಮೆ. ಅದರಲ್ಲಿ ಆರು ಅಡಿ ಅಗಲದ ಜೋಡಿ ಮಂಚವಿಟ್ಟರೆ ಉಳಿಯುವುದು ಸುಮಾರು ಹನ್ನೊಂದು ಇಂಚು. ಕಪಾಟಿನ ಬಾಗಿಲು ತೆರೆಯುವುದೆಲ್ಲಿ? ಮಾದರಿ ಮನೆಗಳಲ್ಲಿ ಇರಿಸುವ ಮಂಚಗಳು ಎಷ್ಟೋ ಬಾರಿ ಚಿಕ್ಕವಾಗಿರುತ್ತವೆ, ಕೋಣೆಗಳಿಗೆ ಬಾಗಿಲುಗಳೇ ಇರುವುದಿಲ್ಲ. ಜೇಬಿನಲ್ಲಿ ಅಳತೆಯ ಟೇಪು, ಕೈಯಲ್ಲಿ ತಮ್ಮ ಮನೆಯ ಮಂಚ, ಗೋದ್ರೇಜ್ ಕಪಾಟು, ಫ್ರಿಜ್ಜುಗಳ ಅಳತೆಯ ಚೀಟಿ ಇರಲಿ. ನಗುವವರು ನಗಲಿ.

ಅಡುಗೆ ಮನೆಯ ವಿಷಯದಲ್ಲಿ ನಮ್ಮ ಅಗತ್ಯಗಳೇ ಬೇರೆ. ತೆಂಗಿನಕಾಯಿ ತುರಿದು, ದೋಸೆ ಇಡ್ಲಿಗೆ ವಾರಕ್ಕೆರಡು ಬಾರಿ ಅರೆಯುವ ಮನೆಗೆ ಗ್ರೈಂಡರ್ ನಿಲ್ಲಿಸುವ ಜಾಗವೂ ನೀರು ಚೆಲ್ಲಿದರೆ ಹರಿದುಹೋಗುವ ದಾರಿಯೂ ಬೇಕು. ಇಲ್ಲಿಯವರು ಡ್ರೈ ಬಾಲ್ಕನಿ ಎಂದು ಕರೆಯುವ ಹಿಂಬದಿಯ ಪುಟ್ಟ ಜಾಗವನ್ನು ಹಾಗಾಗಿ ತಾತ್ಸಾರ ಮಾಡಬಾರದು. ಹಾಲಿನೊಳಕ್ಕೆ ತೆರೆದುಕೊಂಡ ಅಡುಗೆ ಮನೆ ಚಿತ್ರದಲ್ಲಿ ಚೆನ್ನ. ಬಂಗುಡೆ ಹುರಿದ ದಿನ ಅಥವಾ ಒಗ್ಗರಣೆಗೆ ಒಣಮೆಣಸು ಬಿದ್ದ ಕ್ಷಣ ಅದರ ಚೆಲುವು ತಿಳಿಯುತ್ತದೆ. ದೇವರಿಗೆ ಪ್ರತ್ಯೇಕ ಕೋಣೆ ಇಲ್ಲಿ ಸಿಗುವುದು ಅಪರೂಪ, ಗೋಡೆಯ ಗೂಡಿನಲ್ಲಿಯೇ ಆತನು ಪ್ರಸನ್ನ.

ರಬಾಳೆಗೇ ವಿಶಿಷ್ಟವಾದ ಒಂದು ಮಾತಿದೆ. ಪೂರ್ವಕ್ಕೆ ಥಾಣೆ–ಬೇಲಾಪುರ ರಸ್ತೆಯಾಚೆ ಎಂಐಡಿಸಿಯ ಕಾರ್ಖಾನೆಗಳು, ಅವುಗಳ ಹಿಂದೆ ಪಾರ್ಸಿಕ್ ಬೆಟ್ಟ. ಪಶ್ಚಿಮಕ್ಕೆ ವಸತಿ, ಅದರಾಚೆ ಥಾಣೆ ಖಾಡಿ. ಪೂರ್ವದ ಕಿಟಕಿಗೆ ಬೆಳಗಿನ ಬಿಸಿಲಿನೊಡನೆ ಲಾರಿಗಳ ಸದ್ದೂ ಬರುತ್ತದೆ. ಪಶ್ಚಿಮದ ಕಿಟಕಿಗೆ ಸಂಜೆಯ ಗಾಳಿ ಹಿತ, ಖಾಡಿಯ ನೋಟಕ್ಕೆ ಹೆಚ್ಚಿನ ದರವನ್ನೂ ಕೇಳುತ್ತಾರೆ. ಆದರೆ ಮಧ್ಯಾಹ್ನದ ಬಿಸಿಲೂ ನೈಋತ್ಯ ಮುಂಗಾರಿನ ಹೊಡೆತವೂ ಆ ಗೋಡೆಗೇ. ಮನೆಯನ್ನು ಮಾರ್ಚ್ ತಿಂಗಳಲ್ಲಿ ಮೆಚ್ಚಿದವರು ಜುಲೈಯಲ್ಲಿ ಮತ್ತೊಮ್ಮೆ ಹೋಗಿ ಕಪಾಟಿಡುವ ಗೋಡೆಯನ್ನು ಮುಟ್ಟಿ ನೋಡುವುದೊಳ್ಳೆಯದು. ರಾತ್ರಿ ಹತ್ತರ ಮೇಲೆ ಒಮ್ಮೆ ಅಲ್ಲಿ ನಿಂತು, ಗಾಳಿಯ ವಾಸನೆಯನ್ನೂ ನಿಲ್ದಾಣದಿಂದ ಮನೆಯವರೆಗಿನ ದಾರಿಯ ಬೆಳಕನ್ನೂ ಪರೀಕ್ಷಿಸಿರಿ. ರಾತ್ರಿ ಮರಳುವ ಹೆಣ್ಣುಮಕ್ಕಳಿರುವ ಮನೆಗಳಿಗೆ ಇದು ಕೋಣೆಯ ಅಳತೆಯಷ್ಟೇ ಮುಖ್ಯ.

ಮುಂದೆ ಬೆಳೆಯಬಲ್ಲ ಮನೆ ಬೇಕೆನ್ನುವವರು ಕೋಪರ್‌ಖೈರಣೆ, ಐರೋಲಿಗಳ ಸಿಡ್ಕೋ ಸಾಲುಮನೆಗಳತ್ತ ಕಣ್ಣು ಹಾಯಿಸುವುದುಂಟು. ಕುಟುಂಬದೊಡನೆ ಮನೆಯೂ ಬೆಳೆಯಬೇಕೆಂಬುದು ನವಿ ಮುಂಬಯಿಯ ಯೋಜಕರಲ್ಲೊಬ್ಬರಾದ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಆಶಯವಾಗಿತ್ತು. 1980ರ ದಶಕದಲ್ಲಿ ಬೇಲಾಪುರದಲ್ಲಿ ಅವರು ರೂಪಿಸಿದ ವಸತಿಯಲ್ಲಿ ಏಳೇಳು ಮನೆಗಳು ಒಂದೊಂದು ಅಂಗಣದ ಸುತ್ತ ನಿಂತಿವೆ. ನೆರೆಯವರ ಗೋಡೆಯನ್ನು ಹಂಚಿಕೊಳ್ಳದ ಕಾರಣ ಪ್ರತಿಯೊಬ್ಬರೂ ತಮ್ಮ ಅನುಕೂಲದಂತೆ ವಿಸ್ತರಿಸಿಕೊಳ್ಳಬಹುದಾಗಿತ್ತು. ಅಂಗಣ, ಜಗಲಿ, ಚಾವಡಿಗಳನ್ನು ಬಿಟ್ಟು ಬಂದ ನಮ್ಮಂಥವರಿಗೆ ಆ ನೋಟ ಆಪ್ತವೆನಿಸುತ್ತದೆ. ಆದರೆ ಸಾಲುಮನೆಯ ಮೇಲೇರಿಸಿದ ಮಹಡಿಗೆ ಮಹಾನಗರಪಾಲಿಕೆಯ ಮಂಜೂರಾತಿ ಇದೆಯೇ ಎಂಬುದನ್ನು ಕಾಗದದಲ್ಲಿ ಕಾಣದೆ ಮುಂಗಡ ಕೊಡಬೇಡಿ. ಗಾವಠಾಣದ ಕಟ್ಟಡಗಳಲ್ಲಿ ಅದೇ ಹಣಕ್ಕೆ ಒಂದು ಕೋಣೆ ಹೆಚ್ಚು ದೊರೆಯುತ್ತದೆ ನಿಜ. 2015ರಲ್ಲಿ ಪಕ್ಕದ ದಿಘಾದಲ್ಲಿ ಅನಧಿಕೃತ ಕಟ್ಟಡಗಳನ್ನು ಕೆಡವುವಂತೆ ಮುಂಬಯಿ ಉಚ್ಚ ನ್ಯಾಯಾಲಯವು ಆದೇಶಿಸಿದಾಗ, ಹಾಗೆ ಜೀವಮಾನದ ಉಳಿತಾಯ ಸುರಿದ ಕುಟುಂಬಗಳು ಬೀದಿಗೆ ಬಂದುದನ್ನು ಇಲ್ಲಿಯವರು ಮರೆತಿಲ್ಲ. ಬ್ಯಾಂಕು ಸಾಲ ನಿರಾಕರಿಸಿದ ಮನೆಯನ್ನು ನಗದು ಕೊಟ್ಟು ಕೊಳ್ಳುವ ಸಾಹಸ ಬೇಡ.

ಕೊನೆಗೆ ಹಣದ ಮಾತು. ಒಂದು ಕೋಣೆ ಹೆಚ್ಚಿರುವ ಮನೆಗೆ 15 ಲಕ್ಷ ರೂಪಾಯಿ ಹೆಚ್ಚು ಬೆಲೆ ಎಂದಿಟ್ಟುಕೊಳ್ಳೋಣ. 30ರಿಂದ 75 ಲಕ್ಷದವರೆಗಿನ ಗೃಹಸಾಲಕ್ಕೆ ರಿಸರ್ವ್ ಬ್ಯಾಂಕಿನ ಮಿತಿಯು ಮನೆಯ ಮೌಲ್ಯದ ಶೇ. 80. ಅಂದರೆ ಆ ಕೋಣೆಗೆ ಕೈಯಿಂದ 3 ಲಕ್ಷ, ಸಾಲ 12 ಲಕ್ಷ. ಶೇ. 8.5 ಬಡ್ಡಿಯಲ್ಲಿ 20 ವರ್ಷಗಳ ಅವಧಿಗೆ ಅದರ ಕಂತು ತಿಂಗಳಿಗೆ ಸುಮಾರು 10,400 ರೂಪಾಯಿ. ಮರಳಿಸುವ ಮೊತ್ತ ಸುಮಾರು 25 ಲಕ್ಷ. ಮುದ್ರಾಂಕ ಶುಲ್ಕ, ನೋಂದಣಿಗಳಿಗೆ ಸಾಲ ದೊರೆಯದು, ಅದನ್ನು ಬೇರೆಯೇ ತೆಗೆದಿರಿಸಬೇಕು. ತಂದೆತಾಯಿಯರು ಖಾಯಂ ಆಗಿ ಜೊತೆಗಿರುವವರಾದರೆ ಈ ವೆಚ್ಚ ಸಾರ್ಥಕ. ವರ್ಷಕ್ಕೆರಡು ತಿಂಗಳು, ಮೇ ರಜೆಗೂ ಗಣೇಶ ಚೌತಿಗೂ ಬಂದುಹೋಗುವವರಾದರೆ ಹಾಲಿನ ಮೂಲೆಯೊಂದಕ್ಕೆ ಮಡಿಸುವ ತಡಿಕೆ, ಅಲ್ಲಿಂದ ನಾಲ್ಕು ಹೆಜ್ಜೆಗೆ ಶೌಚಾಲಯ, ನಡುವೆ ರಾತ್ರಿಯಿಡೀ ಉರಿಯುವ ಸಣ್ಣ ದೀಪ ಇಷ್ಟು ಸಾಕಾದೀತು. ಇವೆರಡರಲ್ಲಿ ತಮ್ಮದು ಯಾವುದೆಂಬುದನ್ನು ಮುಂಗಡ ಕೊಡುವ ಮೊದಲೇ ಅವರನ್ನೇ ಕೇಳಿರಿ. ಸಾಧ್ಯವಾದರೆ ಮನೆ ನೋಡಲು ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ, ಹಾಲಿನಿಂದ ಶೌಚಾಲಯದವರೆಗೆ ಒಮ್ಮೆ ನಡೆಯಲು ಹೇಳಿರಿ.