ಎಲ್ಗಿನ್, ಜೇಮ್ಸ್ ಬ್ರೂಸ್ (1811–1863)

ಬ್ರಿಟಿಷ್ ರಾಜತಂತ್ರಜ್ಞ, ವಸಾಹತು ಆಡಳಿತಗಾರ. ಸ್ಕಾಟ್ಲೆಂಡಿನ ಎಲ್ಗಿನ್ ಮನೆತನದ ಎಂಟನೆಯ ಅರ್ಲ್. ಜಮೈಕದ ಗವರ್ನರ್ (1842–46), ಕೆನಡಾ ಪ್ರಾಂತ್ಯದ ಗವರ್ನರ್ ಜನರಲ್ (1847–54), ಚೀನಕ್ಕೆ ಎರಡು ಬಾರಿ ವಿಶೇಷ ರಾಯಭಾರಿ, ಕೊನೆಗೆ ಭಾರತದ ವೈಸರಾಯ್ (1862–63). ಕೆನಡಾದ ಚರಿತ್ರೆ ಈತನನ್ನು ಜವಾಬ್ದಾರಿ ಸರ್ಕಾರಕ್ಕೆ ದಾರಿ ಮಾಡಿಕೊಟ್ಟ ಸಂಯಮಿ ಎಂದು ನೆನೆಯುತ್ತದೆ. ಚೀನದ ಚರಿತ್ರೆಯಲ್ಲಿ ಈತ ಪೀಕಿಂಗಿನ ಹೊರವಲಯದ ಯುವಾನ್‌ಮಿಂಗ್‌ಯುವಾನ್ ಅರಮನೆ-ಉದ್ಯಾನಗಳನ್ನು ಸುಟ್ಟವನು. ಒಬ್ಬನೇ ಮನುಷ್ಯನ ಈ ಎರಡು ಚಿತ್ರಗಳನ್ನು ಹೊಂದಿಸಲು ಜೀವನಚರಿತ್ರೆಕಾರರು ಸಾಮಾನ್ಯವಾಗಿ ಹಿಡಿಯುವ ದಾರಿ ಒಂದಿದೆ: ಎಲ್ಗಿನ್ ಮೂಲತಃ ಉದಾರಿ, ಚೀನದಲ್ಲಿ ಪರಿಸ್ಥಿತಿ ಅವನ ಕೈ ಕಟ್ಟಿತ್ತು ಎನ್ನುವುದು. ಅವನ ಖಾಸಗಿ ಪತ್ರಗಳಲ್ಲಿನ ಪಶ್ಚಾತ್ತಾಪವನ್ನು ಇದಕ್ಕೆ ಸಾಕ್ಷಿಯಾಗಿ ಮುಂದಿಡುತ್ತಾರೆ. ದಾಖಲೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಈ ವಾದ ನಿಲ್ಲುವುದಿಲ್ಲ. ಮಾಂಟ್ರಿಯಲ್‌ನ ಸಂಯಮ, ಪೀಕಿಂಗಿನ ಬೆಂಕಿ ಎರಡೂ ಒಂದೇ ಲೆಕ್ಕಾಚಾರದಿಂದ ಹುಟ್ಟಿದವು. ಎದುರಿಗಿರುವವರಿಗೆ ತನ್ನನ್ನು ಪ್ರಶ್ನಿಸುವ ಹಕ್ಕು ಉಂಟೇ ಇಲ್ಲವೇ ಎಂಬುದನ್ನು ನೋಡಿಕೊಂಡು ಅವನು ನಡೆದ. ಅವನ ಮನಸ್ಸಾಕ್ಷಿ ನಿಜವಾದದ್ದೇ. ಆದರೆ ಅದು ಅವನ ಕೈಯನ್ನು ಒಮ್ಮೆಯೂ ಹಿಡಿದು ನಿಲ್ಲಿಸಲಿಲ್ಲ.

ಎಲ್ಗಿನ್ 1811ರ ಜುಲೈ 20ರಂದು ಲಂಡನ್ನಿನಲ್ಲಿ ಹುಟ್ಟಿದ. ತಂದೆ ಏಳನೆಯ ಅರ್ಲ್, ಅಥೆನ್ಸಿನ ಪಾರ್ಥೆನಾನ್ ದೇವಾಲಯದ ಶಿಲ್ಪಗಳನ್ನು ಕಿತ್ತು ಸಾಗಿಸಿದವನು. ಅಪ್ಪ ಗ್ರೀಸಿನ ಶಿಲ್ಪ ಕಿತ್ತ, ಮಗ ಚೀನದ ಅರಮನೆ ಸುಟ್ಟ ಎಂದು ಇಬ್ಬರನ್ನೂ ಒಂದು ಸಾಲಿನಲ್ಲಿ ಕಟ್ಟಿಹಾಕುವುದು ಸುಲಭ. ನಿಜವಾದ ಸಂಬಂಧ ಇರುವುದು ಸಾಲದಲ್ಲಿ. ಶಿಲ್ಪಗಳಿಗೆ 70 ಸಾವಿರ ಪೌಂಡಿಗೂ ಹೆಚ್ಚು ಖರ್ಚಾಗಿದೆ ಎಂದು ತಂದೆ ಲೆಕ್ಕ ಒಪ್ಪಿಸಿದರೂ 1816ರಲ್ಲಿ ಪಾರ್ಲಿಮೆಂಟ್ ಕೊಟ್ಟದ್ದು 35 ಸಾವಿರ ಮಾತ್ರ. ಉಳಿದ ಹೊರೆ ಮಗನ ತಲೆಗೆ ಬಂತು. ಈಟನ್ ಶಾಲೆಯಲ್ಲೂ ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿನಲ್ಲೂ ಓದಿದ ಜೇಮ್ಸ್ 1841ರಲ್ಲಿ ಸೌತಾಂಪ್ಟನ್ನಿನಿಂದ ಕಾಮನ್ಸ್ ಸಭೆಗೆ ಆಯ್ಕೆಯಾದ. ಅದೇ ವರ್ಷ ತಂದೆ ತೀರಿಕೊಂಡಾಗ ಪದವಿಯೇ ಅವನಿಗೆ ಅಡ್ಡ ಬಂತು. ಸ್ಕಾಟಿಷ್ ಅರ್ಲ್ ಆದವನು ಕಾಮನ್ಸ್‌ನಲ್ಲಿ ಕೂರುವಂತಿರಲಿಲ್ಲ. ಲಾರ್ಡ್ಸ್ ಸಭೆಯಲ್ಲೂ ತಾನಾಗಿ ಸ್ಥಾನ ಸಿಗುತ್ತಿರಲಿಲ್ಲ. ಕುಲೀನ ಮನೆತನ, ಮೈತುಂಬ ಸಾಲ, ಕೂರಲು ಸಭೆಯಿಲ್ಲ. ಇಂಥವನಿಗೆ ಸಂಬಳವನ್ನೂ ಗೌರವವನ್ನೂ ಒಟ್ಟಿಗೆ ಕೊಡುತ್ತಿದ್ದದ್ದು ಸಾಮ್ರಾಜ್ಯದ ನೌಕರಿ. 1842ರಲ್ಲಿ ಎಲ್ಗಿನ್ ಜಮೈಕಕ್ಕೆ ಹೊರಟ. ಮರುವರ್ಷ ಅಲ್ಲಿಯೇ ಮೊದಲ ಹೆಂಡತಿಯನ್ನು ಕಳೆದುಕೊಂಡ.

ಕೆನಡಾ ಪ್ರಾಂತ್ಯಕ್ಕೆ ಅವನು ಕಾಲಿಟ್ಟಾಗ ಅಲ್ಲಿ ಮೇಲಿನ ಕೆನಡಾದ ಇಂಗ್ಲಿಷರು, ಕೆಳಗಿನ ಕೆನಡಾದ ಫ್ರೆಂಚರು ಒಂದೇ ಶಾಸನಸಭೆಯಲ್ಲಿ ಕೂತಿದ್ದರು. 1837–38ರ ಬಂಡಾಯದ ಗಾಯ ಇನ್ನೂ ಹಸಿಯಾಗಿತ್ತು. ಅವನ ಎರಡನೆಯ ಹೆಂಡತಿ ಮೇರಿ ಲ್ಯಾಂಬ್ಟನ್, ಆ ಬಂಡಾಯದ ಬಗ್ಗೆ ಪ್ರಸಿದ್ಧ ವರದಿ ಬರೆದ ಡರ್ಹಮ್ ಪ್ರಭುವಿನ ಮಗಳು. ಸಭೆಯ ಬಹುಮತ ಯಾರಿಗಿದೆಯೋ ಅವರೇ ಮಂತ್ರಿಮಂಡಲ ರಚಿಸಬೇಕೆಂದು ಮಾವ ಬರೆದಿಟ್ಟಿದ್ದನ್ನು ಅಳಿಯ ಜಾರಿಗೆ ತಂದ. 1848ರ ಚುನಾವಣೆಯಲ್ಲಿ ಸುಧಾರಕರು ಗೆದ್ದಾಗ ಲೂಯಿ ಲಾಫೊಂಟೇನ್ ಮತ್ತು ರಾಬರ್ಟ್ ಬಾಲ್ಡ್ವಿನ್ ಅವರನ್ನು ಕರೆದು ಸರ್ಕಾರ ಒಪ್ಪಿಸಿದ. 1849ರ ಜನವರಿಯಲ್ಲಿ ಅಧಿವೇಶನದ ಭಾಷಣವನ್ನು ಇಂಗ್ಲಿಷಿನಲ್ಲಿ ಓದಿದ್ದಲ್ಲದೆ ಫ್ರೆಂಚಿನಲ್ಲೂ ಓದಿದ. ಅದಕ್ಕೆ ಮೊದಲು ಸಭೆಯ ದಾಖಲೆಗಳಲ್ಲಿ ಫ್ರೆಂಚಿಗೆ ಕಾನೂನಿನ ಸ್ಥಾನವನ್ನು ನಿರಾಕರಿಸಲಾಗಿತ್ತು. ತಮ್ಮ ಭಾಷೆ ರಾಜಪೀಠದಿಂದ ಕೇಳಿಬಂದಾಗ ಕೆಳಗಿನ ಕೆನಡಾದ ಫ್ರೆಂಚರಿಗೆ ಏನನ್ನಿಸಿರಬೇಕು ಎಂಬುದು ಭಾಷೆಗಾಗಿ ಹೋರಾಡಿದ ಯಾವ ನಾಡಿನವರಿಗೂ ಬಿಡಿಸಿ ಹೇಳಬೇಕಾದ ಮಾತಲ್ಲ.

ನಿಜವಾದ ಪರೀಕ್ಷೆ ಅದೇ ವರ್ಷದ ಏಪ್ರಿಲ್‌ನಲ್ಲಿ, ಆಗ ರಾಜಧಾನಿಯಾಗಿದ್ದ ಮಾಂಟ್ರಿಯಲ್‌ನಲ್ಲಿ ಬಂತು. ಬಂಡಾಯದ ಕಾಲದಲ್ಲಿ ಕೆಳಗಿನ ಕೆನಡಾದಲ್ಲಿ ಆಸ್ತಿ ಕಳೆದುಕೊಂಡವರಿಗೆ ಪರಿಹಾರ ಕೊಡುವ ಮಸೂದೆಯನ್ನು ಸಭೆ ಒಪ್ಪಿಕೊಂಡಿತ್ತು. ದಂಗೆಕೋರರಿಗೂ ದುಡ್ಡು ಸಿಗುತ್ತದೆಂದು ಇಂಗ್ಲಿಷ್ ಟೋರಿಗಳು ಕೆರಳಿದರು. ಏಪ್ರಿಲ್ 25ರಂದು ಎಲ್ಗಿನ್ ಅಂಕಿತ ಹಾಕಿ ಹೊರಬಂದಾಗ ಅವನ ಗಾಡಿಯ ಮೇಲೆ ಕೊಳೆತ ಮೊಟ್ಟೆಗಳು ಬಿದ್ದವು. ಆ ರಾತ್ರಿ ಗುಂಪು ಶಾಸನಸಭೆಯ ಕಟ್ಟಡಕ್ಕೇ ಬೆಂಕಿ ಹಚ್ಚಿತು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಪುಸ್ತಕಗಳಿದ್ದ ಗ್ರಂಥಾಲಯ ಬೂದಿಯಾಯಿತು. ಐದು ದಿನದ ನಂತರ ಸಭೆಯ ನಿಷ್ಠಾಪತ್ರ ಸ್ವೀಕರಿಸಲು ನಗರಕ್ಕೆ ಬಂದವನಿಗೆ ಕಲ್ಲೇಟು ಎದುರಾಯಿತು. ಗಾಡಿಯೊಳಕ್ಕೆ ಬಂದು ಬಿದ್ದ, ಎರಡು ಪೌಂಡ್ ತೂಗುವ ಕಲ್ಲೊಂದನ್ನು ಅವನು ಕೈಯಲ್ಲಿ ಹಿಡಿದುಕೊಂಡೇ ಸಭಾಂಗಣ ಹೊಕ್ಕ. ಸೈನ್ಯ ಅವನ ಕೈಯಲ್ಲಿತ್ತು, ಆದರೂ ಗುಂಪಿನ ಮೇಲೆ ಗುಂಡು ಹಾರಿಸಿ ಎನ್ನಲಿಲ್ಲ. ವಾರಗಟ್ಟಲೆ ನಗರದ ಕಡೆ ಸುಳಿಯದೆ ಮಾಂಕ್‌ಲ್ಯಾಂಡ್ಸ್ ಮನೆಯಲ್ಲಿ ಉಳಿದ. ಹೇಡಿ ಎಂದವರ ಮಾತನ್ನು ಕೇಳಿಸಿಕೊಂಡು ಸುಮ್ಮನಿದ್ದ. ಮಸೂದೆ ಕಾಯಿದೆಯಾಗಿ ಉಳಿಯಿತು, ರಾಜಧಾನಿಯ ಪಟ್ಟ ಮಾಂಟ್ರಿಯಲ್‌ನ ಕೈತಪ್ಪಿತು. ಈ ಸಂಯಮದ ದೊಡ್ಡತನವನ್ನು ತಗ್ಗಿಸಿ ಹೇಳಲು ಯಾವ ಕಾರಣವೂ ಇಲ್ಲ. ಆದರೆ ಕಲ್ಲು ತೂರಿದವರು ಬ್ರಿಟಿಷ್ ಪ್ರಜೆಗಳಾಗಿದ್ದರು. ಅವರಿಗೆ ಪತ್ರಿಕೆಗಳಿದ್ದವು, ಮತವಿತ್ತು, ಲಂಡನ್ನಿನಲ್ಲಿ ಅವರ ಪರ ಮಾತನಾಡುವವರಿದ್ದರು ಎಂಬುದನ್ನೂ ಜೊತೆಗೇ ನೆನಪಿಡಬೇಕು.

1857ರಲ್ಲಿ ಪ್ರಧಾನಿ ಪಾಮರ್ಸ್ಟನ್ ಎಲ್ಗಿನ್‌ನನ್ನು ಚೀನಕ್ಕೆ ಕಳಿಸಿದ. ಜಗಳ ಶುರುವಾಗಿದ್ದು ಹಿಂದಿನ ಅಕ್ಟೋಬರ್‌ನಲ್ಲಿ. ಕ್ಯಾಂಟನ್ನಿನ ಅಧಿಕಾರಿಗಳು ಆ್ಯರೋ ಎಂಬ ದೋಣಿಯನ್ನು ಹತ್ತಿ ನಾವಿಕರನ್ನು ಹಿಡಿದಿದ್ದರು. ಯುದ್ಧಕ್ಕೆ ಮುಂದಿಟ್ಟ ಈ ನೆಪಕ್ಕೆ ತಿರುಳಿಲ್ಲವೆಂದು ಎಲ್ಗಿನ್ ಖಾಸಗಿಯಾಗಿ ಬರೆದುಕೊಂಡಿದ್ದಾನೆ. ಆದರೂ 1857ರ ಡಿಸೆಂಬರ್ 28ರಂದು ಕ್ಯಾಂಟನ್ ಮೇಲೆ ಫಿರಂಗಿ ದಾಳಿ ನಡೆಯಿತು. ಮರುಜನವರಿಯಲ್ಲಿ ಗವರ್ನರ್ ಯೆ ಮಿಂಗ್‌ಚೆನ್‌ನನ್ನು ಸೆರೆಹಿಡಿದು ಕಲ್ಕತ್ತೆಗೆ ಸಾಗಿಸಲಾಯಿತು. 1859ರಲ್ಲಿ ಆತ ಸೆರೆಯಲ್ಲೇ ಸತ್ತ. ದಾಳಿಗೆ ಮುನ್ನ, ಗಿಜಿಗುಡುವ ಆ ಊರನ್ನು ಹಡಗಿನಿಂದ ನೋಡುತ್ತ ಎಲ್ಗಿನ್ ತನಗೆ ಹಿಂದೆಂದೂ ಆಗದಷ್ಟು ನಾಚಿಕೆಯಾಗಿದೆಯೆಂದು ಹೆಂಡತಿಗೆ ಬರೆದ. ಅವನನ್ನು ಮೆಚ್ಚುವವರು ಈ ಪತ್ರದ ಹತ್ತಿರ ಬಂದು ನಿಲ್ಲುತ್ತಾರೆ. ನಿಲ್ಲಬೇಕಾದದ್ದು ಅದರ ಮುಂದಿನ ದಿನಗಳ ಹತ್ತಿರ: ನಾಚಿಕೆಪಟ್ಟವನು ದಾಳಿಯನ್ನು ತಡೆಯಲಿಲ್ಲ.

1858ರ ಜೂನ್ 26ರಂದು, ಬಂದೂಕು ಹಡಗುಗಳ ನೆರಳಿನಲ್ಲಿ, ಟಿಯೆನ್‌ಜಿನ್ ಒಪ್ಪಂದಕ್ಕೆ ಸಹಿಯಾಯಿತು. ಪೀಕಿಂಗಿನಲ್ಲಿ ಬ್ರಿಟಿಷ್ ರಾಯಭಾರಿ ವಾಸಿಸಬಹುದು, ಹೊಸ ಬಂದರುಗಳು ತೆರೆಯಬೇಕು, ಪಾದ್ರಿಗಳೂ ವ್ಯಾಪಾರಿಗಳೂ ಒಳನಾಡಿಗೆ ಹೋಗಬಹುದು ಎಂಬವು ಅದರ ಷರತ್ತುಗಳು. ಒಪ್ಪಂದದ ಮುಖ್ಯ ಪಾಠದಲ್ಲಿ ಅಫೀಮಿನ ಮಾತಿಲ್ಲ. ಅದು ಬಂದದ್ದು ನವೆಂಬರ್‌ನಲ್ಲಿ, ಶಾಂಘೈಯಲ್ಲಿ ಸುಂಕದ ಪಟ್ಟಿ ತಯಾರಾದಾಗ. ಪಿಕುಲ್ ಒಂದಕ್ಕೆ (ಸುಮಾರು 60 ಕಿಲೊ) 30 ಟೇಲ್ ಬೆಳ್ಳಿ ಎಂದು ಸುಂಕ ಗೊತ್ತುಮಾಡಿ, ಅಲ್ಲಿಯವರೆಗೆ ಚೀನದ ಕಾನೂನು ನಿಷೇಧಿಸಿದ್ದ ಸರಕನ್ನು ಸಕ್ರಮ ಮಾಡಲಾಯಿತು. ಆ ಅಫೀಮು ಬೆಳೆಯುತ್ತಿದ್ದದ್ದು ಬಿಹಾರ, ಬನಾರಸ್, ಮಾಳ್ವದ ಹೊಲಗಳಲ್ಲಿ. ಅದರ ಆದಾಯ ಬ್ರಿಟಿಷ್ ಭಾರತದ ಬೊಕ್ಕಸಕ್ಕೆ ಆಧಾರವಾಗಿತ್ತು. ಈ ನಡುವೆ ಆಗಸ್ಟ್ 26ರಂದು ಎಲ್ಗಿನ್ ಜಪಾನಿನ ಎಡೋದಲ್ಲಿ ಇನ್ನೊಂದು ವಾಣಿಜ್ಯ ಒಪ್ಪಂದ ಮಾಡಿಕೊಂಡಿದ್ದ.

ಒಪ್ಪಂದ ಮುರಿದವರು ಚೀನೀಯರು ತಾನೇ ಎಂಬುದು ಎಲ್ಗಿನ್ ಮೇಲಿನ ಈ ಟೀಕೆಗೆ ಬರುವ ಮೊದಲ ಆಕ್ಷೇಪ. 1859ರ ಜೂನ್‌ನಲ್ಲಿ, ಒಪ್ಪಂದವನ್ನು ಸ್ಥಿರೀಕರಿಸಲು ಹೊರಟಿದ್ದ ಎಲ್ಗಿನ್‌ನ ತಮ್ಮ ಫ್ರೆಡರಿಕ್ ಬ್ರೂಸ್‌ನ ಹಡಗುಗಳ ಮೇಲೆ ದಾಗು ಕೋಟೆಗಳಿಂದ ಗುಂಡು ಬಿತ್ತು. ಬ್ರಿಟಿಷರ ಕಡೆ ಸತ್ತವರೂ ಗಾಯಗೊಂಡವರೂ ಸೇರಿ ನಾನೂರಕ್ಕೂ ಹೆಚ್ಚು. ನಡೆದದ್ದು ನಿಜ. ಆದರೆ ಚೀನದ ಸರ್ಕಾರ ಬೇರೆ ದಾರಿಯನ್ನು, ಉತ್ತರದ ಬೆಯ್‌ತಾಂಗ್ ಮೂಲಕ ಪೀಕಿಂಗಿಗೆ ಬರುವ ದಾರಿಯನ್ನು, ಸೂಚಿಸಿತ್ತು. ನದಿಗೆ ಹಾಕಿದ್ದ ತಡೆಗಳನ್ನು ಮುರಿದೇ ಹೋಗುತ್ತೇವೆಂದು ಹಟ ಹಿಡಿದದ್ದು ನೌಕಾಪಡೆ. ಎರಡನೆಯ ಆಕ್ಷೇಪ, ಅವನು ಆಜ್ಞೆ ಪಾಲಿಸಿದ ನೌಕರ ಎಂಬುದು. ಇದಕ್ಕೆ ಉತ್ತರ ಅವನ ನಡೆಯಲ್ಲೇ ಇದೆ. ಲಂಡನ್ನಿನಿಂದ ಪತ್ರ ಬಂದು ಮುಟ್ಟಲು ಎರಡು ತಿಂಗಳು ಹಿಡಿಯುತ್ತಿದ್ದ ಕಾಲ ಅದು. 1857ರ ಜೂನ್‌ನಲ್ಲಿ ಸಿಂಗಪುರಕ್ಕೆ ಬಂದಾಗ, ಸಿಪಾಯಿಗಳು ದಂಗೆಯೆದ್ದ ಸುದ್ದಿಯೂ ಸೈನ್ಯ ಬೇಕೆಂಬ ಭಾರತದ ಗವರ್ನರ್ ಜನರಲ್ ಕ್ಯಾನಿಂಗ್‌ನ ಕೋರಿಕೆಯೂ ಸಿಕ್ಕವು. ಲಂಡನ್ನಿನ ಅಪ್ಪಣೆಗೆ ಕಾಯದೆ ಚೀನಕ್ಕೆಂದು ಬರುತ್ತಿದ್ದ ಪಡೆಗಳನ್ನು ಅವನು ಭಾರತದತ್ತ ತಿರುಗಿಸಿದ. ಇಡೀ ಯುದ್ಧದ ದಿಕ್ಕನ್ನೇ ಸ್ವಂತ ಹೊಣೆಯ ಮೇಲೆ ಬದಲಿಸಬಲ್ಲವನು ಕ್ಯಾಂಟನ್ನಿನಲ್ಲಿ, ಪೀಕಿಂಗಿನಲ್ಲಿ ಮಾತ್ರ ಕೈಕಟ್ಟಿಸಿಕೊಂಡಿದ್ದ ಎನ್ನಲಾಗದು.

1860ರಲ್ಲಿ ಎಲ್ಗಿನ್ ಫ್ರೆಂಚ್ ರಾಯಭಾರಿ ಬ್ಯಾರನ್ ಗ್ರೋ ಜೊತೆ ಮತ್ತೆ ಬಂದ. ಸೈನ್ಯದಲ್ಲಿ ಪಂಜಾಬಿನ ಕಾಲಾಳುಗಳು, ಪ್ರೋಬಿನ್ ಮತ್ತು ಫೇನ್ ಹೆಸರಿನ ಕುದುರೆ ದಳಗಳು, ಬೆಂಗಳೂರಿನಲ್ಲಿ ನೆಲೆಯಿದ್ದ ಮದ್ರಾಸ್ ಸ್ಯಾಪರ್ಸ್ ಇದ್ದರು. ಟಾಕು (ದಾಗು) ಕೋಟೆ, ಪೀಕಿಂಗ್ 1860 ಎಂಬವು ಆ ಸ್ಯಾಪರ್ಸ್ ದಳದ ಯುದ್ಧಗೌರವಗಳ ಪಟ್ಟಿಯಲ್ಲಿವೆ. ಆಗಸ್ಟ್ 21ರಂದು ದಾಗು ಕೋಟೆ ಬಿತ್ತು. ಸೆಪ್ಟೆಂಬರ್ 18ರಂದು, ಸಂಧಾನಕ್ಕೆ ಹೋಗಿದ್ದ ಹ್ಯಾರಿ ಪಾರ್ಕ್ಸ್, ಹೆನ್ರಿ ಲಾಕ್, ಟೈಮ್ಸ್ ಪತ್ರಿಕೆಯ ಥಾಮಸ್ ಬೌಲ್ಬಿ ಮತ್ತು ಅವರ ಜೊತೆಗಿದ್ದ ಭಾರತೀಯ ಸವಾರರನ್ನೂ ಫ್ರೆಂಚರನ್ನೂ ಚೀನೀಯರು ಹಿಡಿದರು. ಸೆರೆಸಿಕ್ಕ 39 ಮಂದಿಯಲ್ಲಿ ಸುಮಾರು ಇಪ್ಪತ್ತು ಮಂದಿ ಸತ್ತರು. ನೆನೆಸಿದ ಹಗ್ಗದಿಂದ ಮಣಿಕಟ್ಟುಗಳನ್ನು ಬಿಗಿದು ಕಟ್ಟಿದ್ದರು. ಹಗ್ಗ ಒಣಗುತ್ತ ಮಾಂಸದೊಳಕ್ಕೆ ಇಳಿದಿತ್ತು. ಇದು ಕ್ರೌರ್ಯವೇ, ಬೇರೆ ಹೆಸರಿಲ್ಲ. ಹಿಂದಿರುಗಿ ಬಂದ ಹೆಣಗಳ ಗುರುತೂ ಸಿಗುತ್ತಿರಲಿಲ್ಲ.

ಅಷ್ಟರಲ್ಲಿ ಚಕ್ರವರ್ತಿ ಶಿಯೆನ್‌ಫೆಂಗ್ ಉತ್ತರದ ರೆಹೆಗೆ ಓಡಿಹೋಗಿದ್ದ. ಅಕ್ಟೋಬರ್ ಮೊದಲ ವಾರದಲ್ಲಿ ಫ್ರೆಂಚರು, ಅವರ ಹಿಂದೆಯೇ ಬ್ರಿಟಿಷರು ಯುವಾನ್‌ಮಿಂಗ್‌ಯುವಾನ್ ಹೊಕ್ಕು ಸೂರೆ ಮಾಡಿದ್ದರು. ಕೊಳ, ಸೇತುವೆ, ಮಂಟಪ, ಪುಸ್ತಕಭಂಡಾರಗಳ ಆ ಲೋಕವನ್ನು ನೂರೈವತ್ತು ವರ್ಷ ಕಾಲ ಹಲವು ತಲೆಮಾರಿನ ಚಕ್ರವರ್ತಿಗಳು ಕಟ್ಟಿಸಿದ್ದರು. ಕಾಸ್ಟಿಲಿಯೋನೆ ಎಂಬ ಇಟಲಿಯ ಚಿತ್ರಕಾರ ವಿನ್ಯಾಸ ಮಾಡಿದ ಯುರೋಪಿಯನ್ ಮಾದರಿಯ ಅಮೃತಶಿಲೆಯ ಕಟ್ಟಡಗಳೂ ಅದರೊಳಗಿದ್ದವು. ಬ್ರಿಟಿಷ್ ಪಡೆ ಲೂಟಿಯನ್ನು ಹರಾಜು ಹಾಕಿ ಹಣವನ್ನು ಸೈನಿಕರಿಗೆ ಹಂಚಿತು. ಅಲ್ಲಿ ಸಿಕ್ಕ ಪುಟ್ಟ ಪೀಕಿಂಗ್ ನಾಯಿಯೊಂದು ವಿಕ್ಟೋರಿಯಾ ರಾಣಿಗೆ ಕಾಣಿಕೆಯಾಗಿ ಹೋಯಿತು. ಅದಕ್ಕಿಟ್ಟ ಹೆಸರು ಲೂಟಿ. ಕೈದಿಗಳ ಸಾವು ಖಚಿತವಾದ ಮೇಲೆ ಎಲ್ಗಿನ್ ಇಡೀ ಪ್ರದೇಶವನ್ನು ಸುಡಲು ಆಜ್ಞೆ ಕೊಟ್ಟ. ಅಕ್ಟೋಬರ್ 18, 19ರಂದು ಸುಮಾರು 3,500 ಸೈನಿಕರು ಬೆಂಕಿ ಹಚ್ಚಿದರು; ಹೊಗೆ ಪೀಕಿಂಗಿನ ಆಕಾಶವನ್ನು ಮುಚ್ಚಿತು.

ವಿದೇಶಾಂಗ ಮಂತ್ರಿಗೆ ಬರೆದ ವರದಿಯಲ್ಲಿ ಎಲ್ಗಿನ್ ಕೊಟ್ಟ ಸಮರ್ಥನೆ ಯೋಚಿಸಿ ಬರೆದದ್ದು. ದೊಡ್ಡ ದಂಡ ಹಾಕಿದರೆ ಅದು ಜನರ ಮೇಲೆ ಬೀಳುತ್ತದೆ. ಅಪರಾಧಿಗಳನ್ನು ಒಪ್ಪಿಸಿ ಎಂದರೆ ಯಾರೋ ಬಡಪಾಯಿಗಳನ್ನು ತಳ್ಳುತ್ತಾರೆ. ಅರಮನೆ ಚಕ್ರವರ್ತಿಗೆ ಪ್ರಿಯವಾದದ್ದು, ಕೈದಿಗಳನ್ನು ಹಿಂಸಿಸಿದ್ದೂ ಅಲ್ಲೇ. ಆದ್ದರಿಂದ ಪೆಟ್ಟು ಅವನೊಬ್ಬನಿಗೇ ತಾಗುತ್ತದೆ. ಈ ವಾದದ ಬಲವನ್ನು ಒಪ್ಪಬಹುದು, ಆದರೆ ಎರಡು ಕಡೆ ಅದು ಸೋರುತ್ತದೆ. ಜನರಿಗೆ ಹೊರೆಯಾಗಬಾರದೆಂದವನೇ ಅದೇ ವಾರ ಸತ್ತವರ ಪರವಾಗಿ 3 ಲಕ್ಷ ಟೇಲ್ ಕೇಳಿದ; 24ರಂದು ಸಹಿಯಾದ ಪೀಕಿಂಗ್ ಒಪ್ಪಂದದಲ್ಲಿ ಬ್ರಿಟನ್ನಿಗೆ 80 ಲಕ್ಷ ಟೇಲ್ ಪರಿಹಾರವನ್ನೂ ಕೌಲೂನನ್ನೂ ಬರೆಸಿಕೊಂಡ. ಇನ್ನೊಂದು, ತಪ್ಪಿತಸ್ಥರು ಯಾರೆಂದು ನಿರ್ಧರಿಸುವ ವಿಚಾರಣೆ ಎಲ್ಲಿಯೂ ನಡೆಯಲಿಲ್ಲ. ಮಾಂಟ್ರಿಯಲ್‌ನಲ್ಲಿ ಶಾಸನಸಭೆ ಸುಟ್ಟವರ ಬೀದಿಗಳನ್ನು ಸುಡಬೇಕೆಂದು ಅವನಿಗೆ ಹೊಳೆದಿರಲಿಲ್ಲ. ಅಲ್ಲಿ ಯಾರೂ ಕೈದಿಗಳನ್ನು ಕೊಂದಿರಲಿಲ್ಲ ಎನ್ನಬಹುದು, ನಿಜ. ಆದರೆ 1857ರ ಕ್ಯಾಂಟನ್ನಿನಲ್ಲೂ ಎಲ್ಗಿನ್ ಸೇಡು ತೀರಿಸಬೇಕಾದ ಕೈದಿಗಳಿರಲಿಲ್ಲ. ಬಲಪ್ರಯೋಗದ ತರ್ಕ ಕೈದಿಗಳ ಸಾವಿಗಿಂತ ಮೂರು ವರ್ಷ ಹಳೆಯದು.

ಇಂದಿನ ಅಳತೆಗೋಲಿನಿಂದ ಅಂದಿನವರನ್ನು ಅಳೆಯಬಾರದೆಂಬ ಮಾತೂ ಇಲ್ಲಿ ಹೊಂದುವುದಿಲ್ಲ, ಏಕೆಂದರೆ ಅಳತೆಗೋಲು ಅಂದೇ ಇತ್ತು. 1857ರ ಮಾರ್ಚಿನಲ್ಲಿ ರಿಚರ್ಡ್ ಕಾಬ್ಡನ್ ಚೀನದ ಯುದ್ಧವನ್ನು ಖಂಡಿಸಿ ತಂದ ಗೊತ್ತುವಳಿಗೆ ಕಾಮನ್ಸ್ ಸಭೆಯೇ ಬಹುಮತ ಕೊಟ್ಟಿತ್ತು. ಪಾಮರ್ಸ್ಟನ್ ಸಭೆ ವಿಸರ್ಜಿಸಿ ಚುನಾವಣೆ ಗೆದ್ದು ಯುದ್ಧ ಮುಂದುವರಿಸಿದ. ಅರಮನೆ ಸುಡುವ ಕೆಲಸದಲ್ಲಿ ಪಾಲ್ಗೊಳ್ಳಲು ಗ್ರೋ ಒಪ್ಪಲಿಲ್ಲ. ಮರುವರ್ಷ ವಿಕ್ಟರ್ ಹ್ಯೂಗೋ ಎರಡೂ ದೇಶಗಳನ್ನು ದರೋಡೆಕೋರರೆಂದು ಕರೆದ. ಎಲ್ಲಕ್ಕಿಂತ ಹೆಚ್ಚಾಗಿ ಎಲ್ಗಿನ್‌ಗೇ ಗೊತ್ತಿತ್ತು. ಅವನ ಪತ್ರಗಳು ಅವನ ವಿರುದ್ಧವೇ ಸಾಕ್ಷಿ ಹೇಳುತ್ತವೆ. ಆ ಪತ್ರಗಳು ನಮಗೆ ದಕ್ಕಿದ ಬಗೆಯನ್ನೂ ಗಮನಿಸಬೇಕು. 1872ರಲ್ಲಿ ಥಿಯೊಡೋರ್ ವಾಲ್ರಂಡ್ ಸಂಪಾದಿಸಿ ಹೊರತಂದ ಪುಸ್ತಕಕ್ಕೆ ಮುನ್ನುಡಿ ಬರೆದದ್ದು ಎಲ್ಗಿನ್‌ನ ತಂಗಿಯ ಗಂಡ, ಡೀನ್ ಸ್ಟ್ಯಾನ್ಲಿ. ಮರುಗುವ ಎಲ್ಗಿನ್ ನಮಗೆ ಪರಿಚಯವಾದದ್ದು ಹೆಚ್ಚಾಗಿ ಮನೆಯವರ ಕೈಯಿಂದ. ಕ್ಯಾಂಟನ್ನಿನ ಮನೆಗಳೊಳಗೆ ಸತ್ತವರ ಪತ್ರಗಳನ್ನು ಹಾಗೆ ಯಾರೂ ಅಚ್ಚು ಹಾಕಿಸಲಿಲ್ಲ.

1862ರ ಮಾರ್ಚಿನಲ್ಲಿ ಕ್ಯಾನಿಂಗ್ ನಂತರ ಎಲ್ಗಿನ್ ವೈಸರಾಯ್ ಆದ. ಕಲ್ಕತ್ತೆ, ಮುಂಬಯಿ, ಮದ್ರಾಸುಗಳ ಹೈಕೋರ್ಟುಗಳು ಆ ವರ್ಷವೇ ಕೆಲಸ ಆರಂಭಿಸಿದವು. ಅವುಗಳ ಕಾಯಿದೆ ಹಿಂದಿನ ವರ್ಷದ್ದು. ಸ್ವಂತ ಛಾಪು ಒತ್ತುವಷ್ಟು ಕಾಲ ಅವನಿಗೆ ಸಿಗಲಿಲ್ಲ. 1863ರ ಅಕ್ಟೋಬರಿನಲ್ಲಿ ರೋಹ್ತಾಂಗ್ ಕಣಿವೆ ಹತ್ತಿ, ಚಂದ್ರಾ ನದಿಯ ಮೇಲೆ ಕಡ್ಡಿಗಳನ್ನು ಹೆಣೆದು ಕಟ್ಟಿದ್ದ ತೂಗುಸೇತುವೆಯನ್ನು ದಾಟುವಾಗ ಆದ ಆಯಾಸ ಅವನ ಹೃದಯಕ್ಕೆ ತಾಳಲಿಲ್ಲ. ನವೆಂಬರ್ 20ರಂದು ಧರ್ಮಶಾಲಾದಲ್ಲಿ ತೀರಿಕೊಂಡಾಗ ವಯಸ್ಸು 52. ದೇವದಾರು ಮರಗಳ ನಡುವಿನ ಸೇಂಟ್ ಜಾನ್ ಚರ್ಚಿನ ಆವರಣದಲ್ಲಿ ಸಮಾಧಿ ಇದೆ. ಮಾಂಟ್ರಿಯಲ್ ಗಲಭೆ ನಡೆದು ಮೂರು ವಾರಕ್ಕೆ ಹುಟ್ಟಿದ್ದ ಮಗ ವಿಕ್ಟರ್ ಅಲೆಕ್ಸಾಂಡರ್ ಬ್ರೂಸ್, ಒಂಬತ್ತನೆಯ ಅರ್ಲ್, 1894ರಿಂದ 1899ರವರೆಗೆ ತಂದೆಯ ಅದೇ ಹುದ್ದೆಯಲ್ಲಿದ್ದ.