ಸನ್ನತಿಗೆ ಹೋದವರು ಕನಗನಹಳ್ಳಿಗೂ ಹೋಗಿ
ಹತ್ತು ಮಂದಿ ಕೂಡಿ ಯಾತ್ರೆ ಹೊರಟಾಗ ಕ್ಷೇತ್ರದಲ್ಲಿ ನಿಲ್ಲುವ ಹೊತ್ತು ಕಡಿಮೆ. ನದಿಯ ಸ್ನಾನ, ದೇವರ ದರ್ಶನ, ಬುತ್ತಿಯ ಊಟ. ಅಷ್ಟರಲ್ಲಿ ಒಬ್ಬರು ಗಡಿಯಾರ ನೋಡಿ ಅವಸರಪಡಿಸುತ್ತಾರೆ. ಕಲಬುರಗಿ ಜಿಲ್ಲೆಯ ಸನ್ನತಿಗೆ, ಭೀಮಾತೀರದ ಚಂದ್ರಲಾಂಬೆಯ ದರ್ಶನಕ್ಕೆ ನೀವು ಹೋದರೆ, ಆ ಅವಸರವನ್ನು ಸ್ವಲ್ಪ ತಡೆಯಿರಿ. ಸಮೀಪದಲ್ಲಿಯೇ ಕನಗನಹಳ್ಳಿ ಇದೆ. ಎರಡು ಸಾವಿರ ವರ್ಷಗಳ ಹಿಂದೆ ಭಕ್ತರು ಪ್ರದಕ್ಷಿಣೆ ಮಾಡುತ್ತಿದ್ದ ಬೌದ್ಧ ಮಹಾಚೈತ್ಯದ ನೆಲೆ ಅದು.

ಮೊದಲು ಸನ್ನತಿಯ ಸಂಗತಿಯನ್ನು ಹೇಳಬೇಕು. 1986ರಲ್ಲಿ ಚಂದ್ರಲಾಂಬೆಯ ಆವರಣದ ಕಾಳಿಕಾ ಗುಡಿಯ ಮಾಳಿಗೆ ಕುಸಿದು ವಿಗ್ರಹ ಭಿನ್ನವಾಯಿತು. ಪೀಠಕ್ಕೆ ಆಧಾರವಾಗಿದ್ದ ಚಪ್ಪಡಿಯನ್ನು ನೋಡಿದರೆ, ಅದರ ಎರಡು ಮೈಯಲ್ಲೂ ಬ್ರಾಹ್ಮೀ ಅಕ್ಷರಗಳು! ಪ್ರಾಕೃತ ಭಾಷೆಯಲ್ಲಿರುವ ಅಶೋಕನ ಶಾಸನಗಳು ಅವು. ಒಂದು ಮೈಯಲ್ಲಿ ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಶಾಸನಗಳ ಭಾಗ. ಇನ್ನೊಂದರಲ್ಲಿ, ಅದುವರೆಗೆ ಒಡಿಶಾದ ಧೌಲಿ, ಜೌಗಡಗಳಲ್ಲಿ ಮಾತ್ರ ಕಂಡಿದ್ದ ಪ್ರತ್ಯೇಕ ಶಾಸನಗಳು. ವಿಗ್ರಹ ನಿಲ್ಲಿಸಲೆಂದು ಕಲ್ಲಿನ ನಡುವೆ ಕುಳಿ ತೋಡಿದ್ದರಿಂದ ಕೆಲವು ಅಕ್ಷರಗಳು ಅಳಿದುಹೋಗಿವೆ.

ಆ ಹನ್ನೆರಡನೆಯ ಶಾಸನ ಹೇಳುವುದೇನು? ತನ್ನ ಮತವನ್ನೇ ಹೊಗಳಿ ಪರಮತವನ್ನು ಹಳಿಯುವವನು ತನ್ನ ಮತಕ್ಕೇ ಕೇಡು ಮಾಡುತ್ತಾನೆ. ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಬೇಕು, ಗೌರವಿಸಬೇಕು ಎಂಬುದು ಅದರ ತಾತ್ಪರ್ಯ. ಬೌದ್ಧನಾದ ಅರಸನ ಈ ಮಾತು ಕಾಳಿಯ ಪಾದದಡಿಯಲ್ಲಿ ಉಳಿದುಬಂದಿತು. ಪೀಠ ಮಾಡಿದ ಶಿಲ್ಪಿಗೆ ಆ ಲಿಪಿ ತಿಳಿದಿರಲಾರದು. ಅವನು ಕಲ್ಲನ್ನು ಕೆಡಿಸಿದ ಎಂದು ನಾವು ಮರುಗಬಹುದು. ಅದನ್ನು ಗುಡಿಯೊಳಗೆ ಕಾಪಾಡಿಕೊಟ್ಟವನೂ ಅವನೇ ಎಂಬುದನ್ನು ಮರೆಯಬಾರದು.

ಈಗ ಕನಗನಹಳ್ಳಿಗೆ ನಡೆಯೋಣ. ಇಲ್ಲಿ ಭಾರತೀಯ ಪುರಾತತ್ತ್ವ ಇಲಾಖೆಯವರು 1990ರ ದಶಕದಲ್ಲಿ ಅಗೆಸಿದಾಗ ಸ್ತೂಪದ ಬುಡವೂ, ಅದರ ಮೈಗೆ ಹೊದಿಸಿದ್ದ ಸುಣ್ಣಕಲ್ಲಿನ ಶಿಲ್ಪಫಲಕಗಳೂ ಹೊರಬಂದವು. ಬುದ್ಧನ ಜೀವನ, ಜಾತಕದ ಕತೆಗಳು, ಶಾತವಾಹನ ಅರಸರು ಎಲ್ಲವೂ ಅವುಗಳಲ್ಲಿವೆ. ಒಂದು ಫಲಕದಲ್ಲಿ ಪರಿವಾರಸಮೇತನಾದ ರಾಜನೊಬ್ಬನ ಚಿತ್ರ. ಜೊತೆಗೆ ‘ರಾಯೋ ಅಸೋಕೋ’ ಎಂಬ ಬರಹ. 1915ರಲ್ಲಿ ದೊರೆತ ರಾಯಚೂರು ಸೀಮೆಯ ಮಸ್ಕಿ ಶಾಸನ, ‘ದೇವಾನಾಂಪ್ರಿಯ’ನ ಹೆಸರು ಅಶೋಕ ಎಂದು ಸ್ಪಷ್ಟಪಡಿಸಿತ್ತು. ಮಸ್ಕಿ ಹೆಸರನ್ನು ಕೊಟ್ಟರೆ ಕನಗನಹಳ್ಳಿ ರೂಪವನ್ನು ಕೊಟ್ಟಿತು. ಆದರೆ ಇದು ಅಶೋಕನನ್ನು ಎದುರಿಗೆ ಕಂಡು ಕಡೆದದ್ದಲ್ಲ. ಅವನ ಕಾಲ ಕಳೆದು ಬಹುಕಾಲದ ಮೇಲೆ, ಜನಮನಸ್ಸಿನಲ್ಲಿ ಉಳಿದ ಅರಸನ ರೂಪ.

ಇಲ್ಲಿಯ ಕಲ್ಲುಗಳಲ್ಲಿ ದಾನಿಗಳ ಚಿಕ್ಕ ಚಿಕ್ಕ ಬರಹಗಳೂ ಇವೆ. ಹಲವರು ಕೈಜೋಡಿಸಿ ಎತ್ತಿದ ಚೈತ್ಯವಿದು. ಆದುದರಿಂದ ತಂಡವಾಗಿ ಹೋಗಿ ನೋಡುವುದೇ ಇದಕ್ಕೆ ತಕ್ಕದ್ದು. ಚೈತ್ಯವನ್ನು ಬಲಗಡೆಗಿಟ್ಟುಕೊಂಡು ಒಂದು ಸುತ್ತು ಬನ್ನಿ. ಕಲ್ಲಿನ ಮೇಲೆ ಕೂರಬೇಡಿ. ನಿಮ್ಮ ಹೆಸರನ್ನು ಕೆತ್ತಬೇಡಿ. ಬೆಳಿಗ್ಗೆ ಚಂದ್ರಲಾಂಬೆಗೆ ಮುಗಿದ ಕೈಯಿಂದಲೇ ಇಲ್ಲಿಯೂ ಕೈಮುಗಿದರೆ, ಆ ಹನ್ನೆರಡನೆಯ ಶಾಸನವನ್ನು ಓದಿದಂತೆಯೇ ಸರಿ.