ಲಕಾರ, ಳಕಾರಗಳ ಉಚ್ಚಾರಣೆ

ಶ್ವಾಸಕೋಶದಿಂದ ಹೊರಡುವ ಉಸಿರಿಗೆ ಗಂಟಲಿನ ಧ್ವನಿತಂತುಗಳು ಕಂಪಿಸಿದಾಗ ನಾದ ಹುಟ್ಟುತ್ತದೆ. ಅದಕ್ಕೆ ಅಕ್ಷರದ ರೂಪ ಕೊಡುವವು ನಾಲಿಗೆ, ಅಂಗುಳ, ಹಲ್ಲು ಹಾಗೂ ತುಟಿಗಳು. ನಮ್ಮ ವರ್ಗೀಯ ವ್ಯಂಜನಗಳು ಕಂಠದ ಕಕಾರದಿಂದ ತುಟಿಯ ಪಕಾರದವರೆಗೆ, ಒಳಗಿನಿಂದ ಹೊರಕ್ಕೆ ಸಾಗುತ್ತವೆ.

ಲಕಾರದಲ್ಲಿ ನಾಲಿಗೆಯ ತುದಿ ಮೇಲ್ಹಲ್ಲಿನ ಬುಡವನ್ನು ಮುಟ್ಟುತ್ತದೆ. ಳಕಾರದಲ್ಲಿ ಹಿಂದಕ್ಕೆ ಮಡಿಚಿಕೊಂಡು ಅಂಗುಳವನ್ನು ಮುಟ್ಟುತ್ತದೆ. ಎರಡರಲ್ಲಿಯೂ ಉಸಿರು ನಾಲಿಗೆಯ ಪಕ್ಕದಿಂದ ಹೊರಬರುತ್ತದೆ.

ಶಿಷ್ಟ ಹಿಂದಿಯಲ್ಲಿ ಳಕಾರವಿಲ್ಲ. ಆದ್ದರಿಂದ ದೆಹಲಿಯಲ್ಲಿ ಬೆಳೆಯುವ ನಮ್ಮ ಮಕ್ಕಳ ಬಾಯಲ್ಲಿ ‘ಹಳ್ಳಿ’ಯು ‘ಹಲ್ಲಿ’ಯಾಗುವುದುಂಟು, ‘ಬಳೆ’ಯು ‘ಬಲೆ’ಯಾಗುವುದುಂಟು. ಇದು ನಾಲಿಗೆಯ ದೋಷವಲ್ಲ, ಅಭ್ಯಾಸದ ಕೊರತೆ. ಹಿಂದಿಯ ಟಕಾರ, ಡಕಾರಗಳಿಗಾಗಿ ಅವರ ನಾಲಿಗೆ ಈಗಾಗಲೇ ಹಿಂದಕ್ಕೆ ಹೊರಳುತ್ತದೆ. ಆ ಸ್ಥಾನದಲ್ಲಿಯೇ ನಾಲಿಗೆಯನ್ನು ನಿಲ್ಲಿಸಿ, ಪಕ್ಕದಿಂದ ಉಸಿರು ಬಿಡಲು ಮನೆಯ ಹಿರಿಯರು ಕಲಿಸಿದರೆ ಳಕಾರವು ತಾನಾಗಿಯೇ ಒಲಿಯುತ್ತದೆ.